ಪ್ರಭಾಚಂದ್ರಯ್ಯನವರ ಹೊಗೆರಹಿತ ಅಡುಗೆಮನೆ

ಪ್ರಭಾಚಂದ್ರಯ್ಯನವರಿಗೆ ಈ ದೇಶದ ಮೇಲಿದ್ದ ದೂರುಗಳಲ್ಲಿ ಮೊದಲನೆಯದು, ದೇಶದ ಸುದ್ದಿ ತಮ್ಮ ಕೈಗೆ ಮಧ್ಯಾಹ್ನ ಒಂದು ಗಂಟೆಗೆ ಸಿಗುತ್ತದೆ ಎಂಬುದು. ಬೆಂಗಳೂರಿನವರು ಬೆಳಗಿನ ಕಾಫಿಯ ಜೊತೆ ಓದಿ ಮಡಿಸಿಟ್ಟ ಪತ್ರಿಕೆ ಹಾಸನಕ್ಕೆ ಬಂದು, ಹಗರೆ ಊರಿನ ಮೇಲೆ ಹಾಯ್ದು, ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಬಸ್ತಿಹಳ್ಳಿಯ ಅವರ ಜಗಲಿ ಮುಟ್ಟುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ‘ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ನನಗೆ ತಡವಾಗಿ ಗೊತ್ತಾಯಿತು’ ಎಂದು ಅವರು ಹದಿಮೂರು ವರ್ಷ ಕಳೆದ ಮೇಲೂ ಕೊರಗುತ್ತಿದ್ದರು. (ಬೇಗ ಗೊತ್ತಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅದಕ್ಕೂ ಅವರ ಬಳಿ ಒಂದು ಉತ್ತರ ಇರುತ್ತಿತ್ತು.)

ಅವರಿಗೆ ಒಂದಿಷ್ಟು ತೆಂಗಿನ ತೋಟ, ರಾಗಿ ಹೊಲ, ಕೊಟ್ಟಿಗೆಯಲ್ಲಿ ಐದು ದನ, ಅರಸೀಕೆರೆಗೆ ಕೊಟ್ಟ ಒಬ್ಬಳೇ ಮಗಳು ಪದ್ಮಲತಾ, ಮನೆಯಲ್ಲಿ ಹೆಂಡತಿ ರಾಜಮತಿ. ಮನೆ ತನ್ನಷ್ಟಕ್ಕೆ ತಾನೇ ನಡೆದುಕೊಂಡು ಹೋಗುತ್ತಿದ್ದುದರಿಂದ, ವಿಜ್ಞಾನ, ತಂತ್ರಜ್ಞಾನ ಮತ್ತು ಸರ್ಕಾರದ ಧೋರಣೆಗಳನ್ನು ನೋಡಿಕೊಳ್ಳಲು ಅವರಿಗೆ ಬೇಕಾದಷ್ಟು ಬಿಡುವಿತ್ತು. (ತನ್ನಷ್ಟಕ್ಕೆ ತಾನೇ ಎಂದರೆ ರಾಜಮತಿಯಿಂದ.) ಪತ್ರಿಕೆಯ ಓದುಗರ ಪತ್ರಗಳ ಅಂಕಣದಲ್ಲಿ ‘ಪ್ರಭಾಚಂದ್ರ, ಬಸ್ತಿಹಳ್ಳಿ’ ಎಂಬ ಹೆಸರು ತಿಂಗಳಿಗೊಮ್ಮೆಯಾದರೂ ಬೀಳುತ್ತಿತ್ತು. ಏಷ್ಯನ್ ಕ್ರೀಡೆಗಳ ನೆಪದಲ್ಲಿ ದೆಹಲಿಯವರು ಟೆಲಿವಿಷನ್ನಿಗೆ ಬಣ್ಣ ತಂದಾಗ ಅವರು ಬರೆದರು: ‘ನಮ್ಮೂರಿಗೆ ಕಪ್ಪು ಬಿಳುಪೇ ಇನ್ನೂ ಬಂದಿಲ್ಲ. ಬಣ್ಣ ಬಂದ ಸುದ್ದಿಯನ್ನು ಕೇಳಿ ಕಲ್ಪಿಸಿಕೊಂಡಿದ್ದೇವೆ, ಚೆನ್ನಾಗಿದೆ.’ ಟೆಲಿಫೋನಿಗೆ ಅರ್ಜಿ ಹಾಕಿ ಏಳು ವರ್ಷವಾದಾಗ ಬರೆದರು: ‘ಉಪಗ್ರಹ ಆಕಾಶಕ್ಕೆ ಹೋಗುವುದಕ್ಕಿಂತ ತಂತಿ ಬೇಲೂರಿನಿಂದ ಬರುವುದು ಕಷ್ಟವೆಂದು ತೋರುತ್ತದೆ.’ ಕಂಪ್ಯೂಟರು ಬಂದರೆ ಗುಮಾಸ್ತರ ಕೆಲಸ ಹೋಗುತ್ತದೆಂದು ಊರೆಲ್ಲ ಹೆದರಿದ್ದಾಗ, ‘ಕೆಲಸ ಇದ್ದರಲ್ಲವೇ ಹೋಗುವುದು’ ಎಂದು ಬರೆದು ತಾಲ್ಲೂಕಿನ ಗುಮಾಸ್ತರನ್ನೆಲ್ಲ ಎದುರು ಹಾಕಿಕೊಂಡರು.

ಅಚ್ಚಾದ ಪತ್ರವನ್ನು ಮೊದಲು ರಾಜಮತಿಗೆ ಓದಿ ಹೇಳುವುದು ವಾಡಿಕೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಓದುತ್ತಿದ್ದರು. ಒಳಗೆ ಹೋಗುವಂತಿರಲಿಲ್ಲ, ಹೊಗೆ. ಆ ಕೋಣೆಗೆ ಇದ್ದದ್ದು ಅಂಗೈಯಗಲದ ಒಂದು ಬೆಳಕಿಂಡಿ. ಜೈನರ ಮನೆ, ಹೊತ್ತು ಮುಳುಗುವ ಮೊದಲು ರಾತ್ರಿಯ ಊಟ ಮುಗಿಯಬೇಕು. ಆದ್ದರಿಂದ ಸೌದೆ ಒಣಗಿರಲಿ ಹಸಿಯಿರಲಿ, ಒಲೆ ನಾಲ್ಕು ಗಂಟೆಗೆ ಉರಿಯಲೇಬೇಕು. ಅದಕ್ಕೂ ಮೊದಲು ರಾಜಮತಿ ಒಂದೊಂದು ಸೌದೆಯನ್ನೂ ನೆಲಕ್ಕೆ ಮೆಲ್ಲಗೆ ಕುಟ್ಟಿ, ಮೆತ್ತನೆಯ ಪೊರಕೆಯಿಂದ ಗುಡಿಸಿ, ಒಳಗಿದ್ದ ಇರುವೆ, ಹುಳುಗಳನ್ನು ಎಲೆಯ ಮೇಲಿಟ್ಟು ಹಿತ್ತಿಲಿಗೆ ಬಿಟ್ಟು ಬರುತ್ತಿದ್ದಳು. ಅವಳು ಈ ಮನೆಗೆ ಬಂದ ಇಪ್ಪತ್ತೆಂಟು ವರ್ಷದಲ್ಲಿ ಆ ಒಲೆಯಲ್ಲಿ ಒಂದು ಇರುವೆಯೂ ಬೆಂದಿರಲಿಲ್ಲ. ಬೆಂದವಳು ಅವಳೊಬ್ಬಳೇ.

‘ಗ್ರಾಮೀಣ ಮಹಿಳೆಯರ ಅಡುಗೆಮನೆಯ ಹೊಗೆ: ಸರ್ಕಾರ ಏನು ಮಾಡುತ್ತಿದೆ?’ ಎಂಬ ಅವರ ಪತ್ರ ಅಚ್ಚಾದ ದಿನವೂ ಅವರು ಬಾಗಿಲಲ್ಲೇ ನಿಂತು, ಮೂಗಿಗೆ ಪಂಚೆಯ ಚುಂಗು ಹಿಡಿದುಕೊಂಡು, ಎತ್ತಿದ ದನಿಯಲ್ಲಿ ಓದಿದ್ದರು. ರಾಜಮತಿ ಊದುಕೊಳವೆ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, “ತುಂಬ ಚೆನ್ನಾಗಿದೆ ರೀ. ಹೆಂಗಸರ ಕಷ್ಟ ನಿಮಗೆ ಎಷ್ಟು ಗೊತ್ತು!” ಎಂದಿದ್ದಳು. ಇದನ್ನು ಚುಚ್ಚು ಮಾತೆಂದು ತಿಳಿಯಬೇಡಿ. ಚುಚ್ಚಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವಳು ಗಂಡನ ಮಾತನ್ನು ನಿಜವಾಗಿ ನಂಬುತ್ತಿದ್ದಳು, ಈ ಕಥೆಯ ತೊಂದರೆಯೇ ಅದು.

ಆ ವರ್ಷ ಚಳಿಗಾಲದಲ್ಲಿ ಹಿಡಿದ ಕೆಮ್ಮು ಬೇಸಿಗೆ ಬಂದರೂ ಬಿಡಲಿಲ್ಲ. ಪದ್ಮಲತಾ ಬಂದು ತಾಯಿಯನ್ನು ಅರಸೀಕೆರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ವಾಪಸು ತಂದು ಬಿಟ್ಟು, ತಂದೆಯ ಎದುರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

“ಅಪ್ಪಾಜಿ, ಡಾಕ್ಟ್ರು ಏನಂದ್ರು ಗೊತ್ತಾ? ಅಮ್ಮನ ಎದೆ ಪೂರ್ತಿ ಹೊಗೆ ಹಿಡಿದಿದೆಯಂತೆ. ಇನ್ನೊಂದು ಮಳೆಗಾಲ ಆ ಹಸಿ ಸೌದೆ ಮುಂದೆ ಕೂತ್ರೆ ತಡೆಯಲ್ಲ ಅಂದಿದಾರೆ.”

“ಅದನ್ನೇ ನಾನು ಪತ್ರಿಕೆಗೆ ಆರು ವರ್ಷದ ಹಿಂದೆ...”

“ಪತ್ರಿಕೆ ಬಿಡಿ. ಮನೆಗೆ ಏನಾದ್ರೂ ಮಾಡಿ.”

ಪ್ರಭಾಚಂದ್ರಯ್ಯನವರು ಅಂದು ಮಧ್ಯಾಹ್ನದ ಪತ್ರಿಕೆಯನ್ನು ಅರ್ಧ ಓದಿ ಕೆಳಗಿಟ್ಟರು. ಹೆಂಡತಿ ಸತ್ತುಹೋಗಬಹುದೆಂಬ ಯೋಚನೆ ಅವರಿಗೆ ಬಂದದ್ದು ಅದೇ ಮೊದಲು, ಮತ್ತು ಅದು ಅವರನ್ನು ನಿಜವಾಗಿ ನಡುಗಿಸಿತು. ಬುದ್ಧಿವಂತರು ನಡುಗಿದಾಗ ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು: ಒಂದು ಯೋಜನೆ ಹಾಕಿದರು. ಸಣ್ಣದಲ್ಲ, ಗೋಬರ್ ಗ್ಯಾಸ್!

ಗ್ರಾಮಸೇವಕ ಹನುಮಂತಯ್ಯ ಬೇಲೂರಿನಿಂದ ಸೈಕಲ್ಲಿನಲ್ಲಿ ಬಂದು ಕೈಪಿಡಿ ಕೊಟ್ಟು, ಕೊಟ್ಟಿಗೆಯ ಪಕ್ಕದಲ್ಲಿ ಸುಣ್ಣದ ಪುಡಿಯಿಂದ ವೃತ್ತ ಎಳೆದ. ಗುಂಡಿ ತೋಡಲು ಕರಿಯಯ್ಯ ಬಂದ. ಊರಿನ ಅರ್ಧ ಮನೆಗಳ ಗೋಡೆ, ಮಾಡುಗಳಿಗೆ ಕೈ ಹಾಕಿದ್ದ ಹಳೆಯ ಕೆಲಸಗಾರ. ಎದೆಯುದ್ದ ಗುಂಡಿಯೊಳಗೆ ನಿಂತು ಅವನು ಹಾರೆಯನ್ನು ಗೋಡೆಗೆ ಒರಗಿಸಿ ತಲೆಯೆತ್ತಿದ.

“ಯಜಮಾನ್ರೆ, ಒಂದ್ ಮಾತು. ಅಮ್ಮಾರ ಕೆಮ್ಮಿಗೆ ಇಷ್ಟ್ ದೊಡ್ ಗುಂಡಿ ಯಾಕೆ? ಒಲೆ ಮ್ಯಾಲೆ ಎರಡು ಹೆಂಚು ತೆಗುದು, ಒಂದು ಹೊಗೆಗೂಡು ಕಟ್ಟುದ್ರೆ ಹೊಗೆ ತಾನಾಗೇ ಹೋಯ್ತದೆ. ಅರ್ಧ ದಿನದ ಕೆಲ್ಸ.”

ಪ್ರಭಾಚಂದ್ರಯ್ಯನವರು ಕರುಣೆಯಿಂದ ನಕ್ಕರು.

“ಕರಿಯಯ್ಯ, ಅದು ಪರಿಹಾರ ಅಲ್ಲಪ್ಪ. ಹೊಗೇನ ಮನೆಯಿಂದ ಊರಿಗೆ ವರ್ಗ ಮಾಡೋದು ಅಷ್ಟೆ, ನಮ್ಮ ಸರ್ಕಾರದೋರು ಅಧಿಕಾರಿಗಳನ್ನ ವರ್ಗ ಮಾಡ್ತಾರಲ್ಲ ಹಾಗೆ. ಹೊಗೆ ಹುಟ್ಟಲೇಬಾರದು. ಅದು ತಂತ್ರಜ್ಞಾನ.”

“ಹಂಗಾ,” ಎಂದು ಕರಿಯಯ್ಯ ಮತ್ತೆ ಹಾರೆ ಎತ್ತಿಕೊಂಡ. ಅಗೆಯುವವನಿಗೆ ಗುಂಡಿ ದೊಡ್ಡದಾದಷ್ಟೂ ಲಾಭವೇ ಆದ್ದರಿಂದ ಅವನು ವಾದ ಬೆಳೆಸಲಿಲ್ಲ.

ವೈಶಾಖದ ಒಂದು ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಗುಂಡಿಯ ಮೇಲೆ ಕಬ್ಬಿಣದ ಡ್ರಂ ಮೂರಡಿ ಎದ್ದು ನಿಂತಿತು. ಅಲ್ಲಿಂದ ಕೊಳವೆ ಅಡುಗೆಮನೆಗೆ ಬಂದು, ಹೊಸದಾಗಿ ಹಾಕಿಸಿದ ಚಪ್ಪಡಿಯ ಮೇಲಿನ ಒಲೆಗೆ ಸೇರಿತು. ಅಕ್ಕಪಕ್ಕದವರು, ಹನುಮಂತಯ್ಯ, ಬಸದಿಯಲ್ಲಿ ಪೂಜೆ ಮಾಡುವ ವೃಷಭರಾಜ, ಎಲ್ಲರೂ ಕೂಡಿದರು. ರಾಜಮತಿ ಮೊದಲು ಹಾಲು ಉಕ್ಕಿಸಬೇಕೆಂದು ಪಾತ್ರೆ ಹಿಡಿದು ನಿಂತಳು. ಹೊಸ ಸೀರೆ ಉಟ್ಟಿದ್ದಳು. ಕಡ್ಡಿ ಗೀರಿದ ತಕ್ಷಣ ಒಲೆ ನೀಲಿಯಾಗಿ, ಸದ್ದಿಲ್ಲದೆ ಹತ್ತಿಕೊಂಡಿತು. ಹೊಗೆಯೆಂಬುದು ಒಂದು ಎಳೆಯೂ ಇರಲಿಲ್ಲ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ಮಗಳ ಮದುವೆಯ ನಂತರ ಯಾರೂ ಕಂಡಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಎದುರಿಗೆ ಹದಿನೈದು ಜನ ನಿಂತಿದ್ದರು, ಪ್ರಭಾಚಂದ್ರಯ್ಯನವರ ನಾಲಿಗೆ ಸುಮ್ಮನಿರುವ ಜಾತಿಯದಲ್ಲ.

“ಇದು ಹೇಗೆ ಬಂತು ಅಂತೀರಿ? ಆ ಡ್ರಮ್ಮಿನ ಕೆಳಗೆ ಈಗ ಎಷ್ಟು ಜೀವಿಗಳಿವೆ ಗೊತ್ತೇ? ನಮ್ಮ ದೇಶದ ಜನಸಂಖ್ಯೆಗಿಂತ ಜಾಸ್ತಿ! ಕಣ್ಣಿಗೆ ಕಾಣಲ್ಲ. ಆದರೆ ಓಡಾಡ್ತವೆ, ತಿಂತವೆ, ಮರಿ ಹಾಕ್ತವೆ. ಗಾಳಿ ಇಲ್ಲ, ಬೆಳಕಿಲ್ಲ, ಬಿಡುವಿಲ್ಲದೆ ದುಡಿತವೆ. ಕೋಟಿ ಹುಟ್ಟಿ ಕೋಟಿ ಸಾಯ್ತವೆ. ಅವುಗಳ ಕೊನೆಯುಸಿರೇ ಈ ನೀಲಿ ಜ್ವಾಲೆ!”

ಕೊನೆಯ ವಾಕ್ಯ ಕೈಪಿಡಿಯಲ್ಲಿ ಇರಲಿಲ್ಲ. ಚೆಂದಕ್ಕೆಂದು ಅವರೇ ಸೇರಿಸಿದ್ದು. ಹನುಮಂತಯ್ಯ ಚಪ್ಪಾಳೆ ತಟ್ಟಿದ. ರಾಜಮತಿ ಒಲೆಯ ಹತ್ತಿರ ಚಾಚಿದ್ದ ಹಾಲಿನ ಪಾತ್ರೆಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಕೊನೆಯುಸಿರೇ?” ಎಂದಳು.

“ಹೂಂ ಮತ್ತೆ!” ಎಂದರು ಗಂಡ, ಹೆಮ್ಮೆಯಿಂದ.

ಅವಳು ಹಳೆಯ ಒಲೆಯ ಮೂಲೆಗೆ ಹೋಗಿ, ಒಂದು ಸೌದೆ ತೆಗೆದುಕೊಂಡು, ನೆಲಕ್ಕೆ ಮೆಲ್ಲಗೆ ಕುಟ್ಟತೊಡಗಿದಳು.

ಜನ ಹೋದ ಮೇಲೆ ನಡೆದ ವಾದದಲ್ಲಿ ಪ್ರಭಾಚಂದ್ರಯ್ಯನವರು ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಮಾತಿಗೇ ವಿರೋಧ ಪಕ್ಷವಾಗಬೇಕಾಯಿತು.

“ಅವೆಲ್ಲ ಏಕೇಂದ್ರಿಯ ಜೀವ ಕಣೇ. ಗಿಡ, ನೀರು ಇದ್ದ ಹಾಗೆ. ನಿಂತಲ್ಲೇ ಇರೋ ಜೀವಕ್ಕೆ ಹಿಂಸೆಯಾದ್ರೆ ನಮ್ಮಂಥ ಸಂಸಾರಸ್ಥರಿಗೆ ವಿನಾಯಿತಿ ಉಂಟು.”

“ಓಡಾಡ್ತವೆ ಅಂದ್ರಿ.”

“ಅದು... ಮಾತಿಗೆ ಅಂದೆ.”

“ಮರಿ ಹಾಕ್ತವೆ ಅಂದ್ರಿ.”

“ಅದೂ ಮಾತಿಗೆ.”

“ಇಷ್ಟು ವರ್ಷ ಆ ಬಾಗಿಲಲ್ಲಿ ನಿಂತು ನೀವು ಓದಿದ್ದನ್ನೆಲ್ಲ ನಂಬಿದ್ದೀನಿ. ಯಾವುದು ನಿಜ, ಯಾವುದು ಮಾತಿಗೆ ಅಂತ ಈಗ ಹೇಗೆ ಆರಿಸ್ಲಿ ಹೇಳಿ?” ಎಂದು ಕೆಮ್ಮಿ, ನಿಧಾನವಾಗಿ ಸೇರಿಸಿದಳು. “ಬೇಡ ರೀ. ನನ್ನೊಬ್ಬಳ ಕೆಮ್ಮಿಗೋಸ್ಕರ ಅಷ್ಟು ಜೀವಾನ ಕತ್ತಲಲ್ಲಿ ಕೂಡಿ ಹಾಕೋದು ಬೇಡ.”

ಅವರು ಸೋಲಲಿಲ್ಲ. ವೃಷಭರಾಜನನ್ನು ಕರೆತಂದರು. ಅವನು, “ಅಮ್ಮ, ಸಗಣಿ ತಿಪ್ಪೆಗೆ ಹಾಕಿದ್ರೂ ಅವು ಹುಟ್ತವೆ, ಸಾಯ್ತವೆ. ನೀವು ಕೊಂದ ಹಾಗಾಗಲ್ಲ” ಎಂದು ಚೆನ್ನಾಗಿಯೇ ಹೇಳಿದ. ಆದರೆ ರಾಜಮತಿ, “ತಿಪ್ಪೆಗೆ ನಾವು ಮುಚ್ಚಳ ಹಾಕಲ್ಲವಲ್ಲ” ಎಂದಾಗ ಅವನು ಪೂಜೆಗೆ ಹೊತ್ತಾಯಿತೆಂದು ಎದ್ದ. ಹೀಗಾಗಿ ನೀಲಿ ಒಲೆಯಲ್ಲಿ ಪ್ರಭಾಚಂದ್ರಯ್ಯನವರು ತಮ್ಮ ಕಾಫಿಯನ್ನು ತಾವೇ ಮಾಡಿಕೊಳ್ಳತೊಡಗಿದರು. (ಅದರ ರುಚಿಯ ವಿಷಯ ಪತ್ರಿಕೆಗೆ ಬರೆಯಲಿಲ್ಲ.) ಎರಡು ಮಾರು ಆಚೆ, ಮೂಲೆಯಲ್ಲಿ, ರಾಜಮತಿ ಹೊಗೆಯೊಳಗೆ ಕುಳಿತು ಮುದ್ದೆ ತೊಳಸುತ್ತಿದ್ದಳು.

ಇಷ್ಟರಲ್ಲಿ ಇನ್ನೊಂದು ಅನಾಹುತ ಆಗಿಹೋಗಿತ್ತು. ಒಲೆ ಹತ್ತಿದ ದಿನದ ಸಂಭ್ರಮಕ್ಕೆ ಮೊದಲೇ, ಅದು ಹತ್ತಿಯೇ ಹತ್ತುತ್ತದೆಂಬ ಧೈರ್ಯದಿಂದ, ‘ನಮ್ಮ ಮನೆ ಹೊಗೆರಹಿತ, ಸರ್ಕಾರ ನೋಡಿ ಕಲಿಯಲಿ’ ಎಂಬ ಪತ್ರವನ್ನು ಅವರು ಅಂಚೆಗೆ ಹಾಕಿಬಿಟ್ಟಿದ್ದರು. ಅದು ಅಚ್ಚಾಯಿತು. ಅಚ್ಚಾದದ್ದನ್ನು ಸರ್ಕಾರ ಒಮ್ಮೆಯಾದರೂ ಓದಬಾರದೇ ಎಂದು ವರ್ಷಗಟ್ಟಲೆ ಹಂಬಲಿಸಿದವರ ಪತ್ರವನ್ನು ಸರ್ಕಾರ ಆಗಲೇ ಓದಬೇಕೆ? ಜೂನ್ ತಿಂಗಳ ಒಂದು ಮಧ್ಯಾಹ್ನ ಹನುಮಂತಯ್ಯ ಫೋಟೋ ತೆಗೆಯುವವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದೇಬಿಟ್ಟ. “ಸಾರ್, ಮಾದರಿ ಅಡುಗೆಮನೆ ಅಂತ ನಿಮ್ಮನೇನೇ ಆರಿಸಿದಾರೆ. ಅಮ್ಮಾವ್ರು ಒಲೆ ಹತ್ರ ನಿಂತ ಒಂದು ಫೋಟೋ ಬೇಕು.”

ಪ್ರಭಾಚಂದ್ರಯ್ಯನವರು ಒಳಗೆ ಹೋಗಿ ಕೈ ಹಿಸುಕಿಕೊಂಡು ನಿಂತರು. ರಾಜಮತಿಯೇ ಎದ್ದು ಮುಖ ತೊಳೆದುಕೊಂಡಳು.

“ಖಾಲಿ ಪಾತ್ರೆ ಇಟ್ಕೊಂಡು ನಿಲ್ತೀನಿ. ಬೆಂಕಿ ಹಚ್ಚಬೇಡಿ. ಹೆಸರು ನಿಮ್ಮದು, ಹೋಗಬಾರದು.”

ಫೋಟೋದವನು ನಗಿ ಎಂದ. ನಕ್ಕಳು. ಕೆಮ್ಮು ಬರುವುದರೊಳಗೆ ಅವನು ತೆಗೆದುಬಿಟ್ಟ. ಬಂದವರು ಉಪ್ಪಿಟ್ಟು ತಿಂದು, ಗೋಬರ್ ಗ್ಯಾಸಿನಲ್ಲಿ ಮಾಡಿದ್ದಕ್ಕೆ ರುಚಿಯೇ ಬೇರೆ ಎಂದು ಹೊಗಳಿದರು. ಅದು ಮೂಲೆಯ ಒಲೆಯಲ್ಲಿ ಆಗಿದ್ದ ಉಪ್ಪಿಟ್ಟು.

ಮಳೆ ಹಿಡಿಯಿತು, ಸೌದೆ ನೆನೆಯಿತು. ಒಂದು ಸಂಜೆ ಮಾಡಿನತ್ತ ನೋಡುತ್ತ ರಾಜಮತಿ, “ಕರಿಯಯ್ಯ ಅವತ್ತು ಏನೋ ಹೆಂಚಿನ ವಿಷಯ ಹೇಳ್ತಿದ್ನಲ್ಲ...” ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ. ಕೇಳಿದ್ದೂ ಪೂರ್ತಿಯಾಗಿಯಲ್ಲ.

ಪ್ರಭಾಚಂದ್ರಯ್ಯನವರಿಗೆ ಮಾತು ಅರ್ಥವಾಗದೆ ಇರಲಿಲ್ಲ. ಆದರೆ ಪತ್ರಿಕೆಯಲ್ಲಿ ಬಂದ ಹೊಗೆರಹಿತ ಮನೆ, ಮಾದರಿ ಎಂದು ಫೋಟೋ ತೆಗೆದುಕೊಂಡು ಹೋದ ಅಡುಗೆಮನೆ. ಅದರ ನೆತ್ತಿಯ ಮೇಲೆ ಹೊಗೆಗೂಡು ಎದ್ದು ಬುಸುಬುಸು ಹೊಗೆ ಬಿಟ್ಟರೆ ಊರವರು ಏನೆಂದಾರು? ತಾವು ಗುಮಾಸ್ತರನ್ನು ನೋಡಿ ನಕ್ಕದ್ದಕ್ಕೆ ಈಗ ಗುಮಾಸ್ತರೆಲ್ಲ ಸೇರಿ ನಗುವುದಿಲ್ಲವೇ?

“ಮಳೇಲಿ ಹೆಂಚು ತೆಗೆದ್ರೆ ಸೋರತ್ತೆ ಕಣೇ. ಮಳೆಗಾಲ ಮುಗೀಲಿ,” ಎಂದರು.

“ಸರಿ, ಮುಗೀಲಿ,” ಎಂದಳು ರಾಜಮತಿ.

ಮಳೆಗಾಲ ಮುಗಿಯಲಿಲ್ಲ. ಭಾದ್ರಪದದ ದಶಲಕ್ಷಣ ಪರ್ವಕ್ಕೆ ಎರಡು ದಿನವಿರುವಾಗ ಅವಳು ಊದುಕೊಳವೆ ಹಿಡಿದವಳು ಹಾಗೇ ಗೋಡೆಗೆ ಒರಗಿದಳು. ಪದ್ಮಲತಾ ಬಂದಳು, ಡಾಕ್ಟರು ಬಂದರು. ಹಾಸಿಗೆಯ ಮೇಲೆ ರಾಜಮತಿ ಗಂಡನನ್ನು ಹತ್ತಿರ ಕರೆದಳು.

“ನಾನು ಹೋದ್ಮೇಲೆ ನೀವು ಆ ಗ್ಯಾಸ್ ಒಲೇಲೇ ಮಾಡ್ಕೊಳ್ಳಿ. ನಿಮಗೆ ಸೌದೆ ಊದೋಕೆ ಬರಲ್ಲ. ಅದರ ಪಾಪ ಏನಿದ್ರೂ ನನಗಿರಲಿ.”

ಮಾರನೆಯ ದಿನ ಒಂದು ಗಂಟೆಗೆ ಪತ್ರಿಕೆ ಬಂದು ಜಗಲಿಯ ಮೇಲೆ ಬಿತ್ತು. ಪ್ರಭಾಚಂದ್ರಯ್ಯನವರು ಅದನ್ನು ಬಿಡಿಸಲಿಲ್ಲ. ಆ ಹೊತ್ತಿಗೆ ಮನೆಯ ತುಂಬ ಜನ ಸೇರಿದ್ದರು.

ನೀಲಿ ಒಲೆಯಲ್ಲಿ ಮಾಡಿಕೊಳ್ಳಲು ಅವರಿಂದ ಆಗಲಿಲ್ಲ. ಜೀವಹಿಂಸೆಯೆಂದಲ್ಲ. ಅದರ ಮುಂದೆ ನಿಂತರೆ ಖಾಲಿ ಪಾತ್ರೆ ಹಿಡಿದು ನಕ್ಕವಳು ಕಾಣುತ್ತಿದ್ದಳು. ಪರ್ವ ಕಳೆದು ಮಗಳು ಅರಸೀಕೆರೆಗೆ ಹೋದ ದಿನ, ಅವರು ಮೂಲೆಯ ಒಲೆಯ ಮುಂದೆ ಕುಳಿತು, ಒಂದು ಸೌದೆ ತೆಗೆದು, ಅವಳ ಹಾಗೆಯೇ ನೆಲಕ್ಕೆ ಕುಟ್ಟಿ ಗುಡಿಸಿದರು. ಎರಡು ಇರುವೆ ಬಂದವು, ಹಿತ್ತಿಲಿಗೆ ಬಿಟ್ಟು ಬಂದರು. ಒಲೆ ಹಚ್ಚಿ ಊದಿದರು. ಹೊಗೆ ಕಣ್ಣಿಗೆ, ಮೂಗಿಗೆ, ಗಂಟಲಿಗೆ ನುಗ್ಗಿತು. ಹತ್ತು ನಿಮಿಷ ತಡೆಯಲಾಗಲಿಲ್ಲ. ಆ ಒಲೆಯ ಮುಂದೆ ಅವರು ಕುಳಿತದ್ದೇ ಅದು ಮೊದಲು. ಗಾಳಿ ಇಲ್ಲ, ಬೆಳಕಿಲ್ಲ, ಬಿಡುವಿಲ್ಲದೆ ದುಡಿತವೆ ಎಂದು ಡ್ರಮ್ಮಿನ ಕೆಳಗಿನ ಜೀವಿಗಳನ್ನು ಅಷ್ಟು ಸೊಗಸಾಗಿ ವರ್ಣಿಸಿದ್ದರಲ್ಲ, ಪಕ್ಕದಲ್ಲೇ ಹಾಲಿನ ಪಾತ್ರೆ ಹಿಡಿದು ನಿಂತಿದ್ದವಳಿಗೂ ಆ ಮಾತು ಒಪ್ಪುತ್ತಿತ್ತೆಂದು ಆಗ ಹೊಳೆಯಿತು.

ಕೆಮ್ಮುತ್ತ ಹೊರಗೆ ಬಂದಾಗ, ಕೊಟ್ಟಿಗೆಯ ಗೋಡೆ ಮೆತ್ತಲು ಬಂದಿದ್ದ ಕರಿಯಯ್ಯ ಮಣ್ಣಿನ ಕೈಯಲ್ಲೇ ಓಡಿ ಬಂದ.

“ಅಮ್ಮಾರೇ ಕೆಮ್ಮುದ್ರು ಅಂದ್ಕಂಡೆ ಯಜಮಾನ್ರೆ...” ಎಂದ.

“ಕರಿಯಯ್ಯ,” ಎಂದರು ಪ್ರಭಾಚಂದ್ರಯ್ಯನವರು, “ಅವತ್ತು ಎರಡು ಹೆಂಚು ಅಂದಿದ್ದೆಯಲ್ಲ.”

ಕರಿಯಯ್ಯ ಕೈ ತೊಳೆದು ಏಣಿ ತಂದ. ಅರ್ಧ ದಿನವೂ ಬೇಕಾಗಲಿಲ್ಲ, ಅಂದಿನ ಪತ್ರಿಕೆ ಬರುವುದರೊಳಗೆ ಗೂಡು ನಿಂತಿತು. ಸೋರದ ಹಾಗೆ ಮೇಲೊಂದು ತಗಡನ್ನೂ ಓರೆಯಾಗಿ ಕೂರಿಸಿದ್ದ. ಒಲೆ ಹಚ್ಚಿದರು. ಹೊಗೆ ಒಂದಿಷ್ಟು ಅತ್ತಿತ್ತ ನೋಡಿ, ದಾರಿ ಕಂಡು, ನೆಟ್ಟಗೆ ಮೇಲೆ ಹೋಯಿತು. ಪ್ರಭಾಚಂದ್ರಯ್ಯನವರು ಒಲೆಯ ಮುಂದೆ ಕುಳಿತು ಅತ್ತುಬಿಟ್ಟರು. ಆ ಅಳುವಿಗೆ ಹೊಗೆಯ ನೆಪ ಹೇಳುವಂತೆಯೂ ಇರಲಿಲ್ಲ.

ಆಮೇಲೆ ಅವರು ಪತ್ರಿಕೆಗೆ ಬರೆದದ್ದು ಒಂದೇ ಪತ್ರ, ಮೂರೇ ಸಾಲು. ‘ಮಾನ್ಯರೇ, ನಮ್ಮ ಅಡುಗೆಮನೆಯ ಮಾಡಿನಿಂದ ಎರಡು ಹೆಂಚು ತೆಗೆಸಲು ನನಗೆ ಇಪ್ಪತ್ತೆಂಟು ವರ್ಷ ಬೇಕಾಯಿತು. ಕೆಲಸ ಮುಗಿದಾಗ ಅದು ಬೇಕಾಗಿದ್ದವರು ಇರಲಿಲ್ಲ. ಇನ್ನು ಮುಂದೆ ನಾನು ಸರ್ಕಾರವನ್ನು ನಿಧಾನವೆಂದು ದೂರುವುದಿಲ್ಲ.’ ಅವರು ಬರೆದ ಪತ್ರಗಳಲ್ಲಿ ಒಂದು ಮಾತನ್ನೂ ಚೆಂದಕ್ಕೆಂದು ಸೇರಿಸದೆ ಬರೆದದ್ದು ಅದೊಂದೇ.

ಪತ್ರಿಕೆಯವರು ಅದನ್ನು ಭಾನುವಾರದ ನಗೆ ಅಂಕಣದಲ್ಲಿ, ಹೊಟ್ಟೆ ಹಿಡಿದು ನಗುವ ಬೊಂಬೆಯ ಚಿತ್ರದ ಕೆಳಗೆ ಹಾಕಿದರು. ನಡುವಿನ ಸಾಲನ್ನು ಜಾಗವಿಲ್ಲದೆ ಬಿಟ್ಟಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಒಬ್ಬಿಬ್ಬರು, “ಭಾರಿ ತಮಾಷೆಯಾಗಿ ಬರೆದಿದೀರಿ, ನಮ್ಮ ಗುಮಾಸ್ತರೆಲ್ಲ ಓದಿ ನಕ್ಕಿದ್ದೇ ನಕ್ಕಿದ್ದು” ಎಂದು ಕೈ ಕುಲುಕಿದರು. ಪ್ರಭಾಚಂದ್ರಯ್ಯನವರು ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು, ಹೊತ್ತು ಮುಳುಗುವ ಮೊದಲು ಊಟವಾಗಬೇಕೆಂದು ಬೇಗಬೇಗ ಮನೆಗೆ ನಡೆದರು.

ಜಗಲಿಯಲ್ಲಿ ಚಪ್ಪಲಿ ಬಿಟ್ಟು, ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಪತ್ರಿಕೆ ಬಿಡಿಸಿ, ಎತ್ತಿದ ದನಿಯಲ್ಲಿ ಓದಿದರು. ಬಿಟ್ಟುಹೋಗಿದ್ದ ನಡುವಿನ ಸಾಲನ್ನೂ ಸೇರಿಸಿಯೇ ಓದಿದರು. ಓದಿ ಮುಗಿಸಿದ ಮೇಲೆ, ಒಳಗೆ ಹೊಗೆಯಿಲ್ಲ, ಬಾಗಿಲಲ್ಲೇ ನಿಲ್ಲಬೇಕಾಗಿಲ್ಲ ಎಂಬುದು ನೆನಪಾಯಿತು. ಆದರೂ ಅಲ್ಲೇ ನಿಂತಿದ್ದರು. ಒಳಗಿನಿಂದ ಯಾರೂ ಕೆಮ್ಮಲಿಲ್ಲ, ತುಂಬ ಚೆನ್ನಾಗಿದೆ ಎನ್ನಲೂ ಇಲ್ಲ.